ಪಾಯಿಂಟ್ ಮೂರು ಕೆ.ಜಿ.

ಎರಡನೇ ಪಾಳಿ ಬಿಟ್ಟು ನಮ್ಮಣ್ಣ ಸೈಕಲ್ ತಳ್ಕೊಂಡು ಬರ್ತಿದ್ದ. ಓಡಿಸ್ಕೊಂಡು ಅಲ್ಲ... ತಳ್ಕೊಂಡು. ಬೇಗ ಮನೆ ಸೇರೋಕೆ ಅವನಿಗೆ ಕಾರಣಾನೇ ಇರ್ಲಿಲ್ಲ. ಅತ್ತಿಗೆ ತೀರ್ಕೊಂಡು ಮೂರು ವಾರ ಆಗಿತ್ತು.

ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆ ಅದು. ಹಿಂದಿನ ಗೇಟು ದಾಟಿದ್ರೆ ಒಂದು ಹಳೇ ಬಾವಿ, ಸುತ್ತ ಸೊಂಟದ ಮಟ್ಟಕ್ಕೆ ಕಲ್ಲಿನ ಕಟ್ಟೆ. ಹಿಂದೆ ಬಾಯ್ಲರ್‌ಗೆ ನೀರು ಅಲ್ಲಿಂದ್ಲೇ ಹೋಗ್ತಿತ್ತಂತೆ. ಪೈಪಿನ ನೀರು ಬಂದ್ಮೇಲೆ ಅದನ್ನ ಕೇಳೋರಿಲ್ಲ. ಪಕ್ಕದಲ್ಲಿ ಒಂದು ದೀಪದ ಕಂಬ ಇತ್ತು. ಕಂಬ ಇತ್ತು ಅಷ್ಟೇ, ದೀಪ ಇರ್ಲಿಲ್ಲ.

ಬಾವಿ ಹತ್ರ ಬಂದಾಗ ಶಬ್ದ ಕೇಳಿಸ್ತು.

ಪುಸ್... ಪುಸ್... ಪುಸ್...

ಅಣ್ಣ ನಿಂತ. ಟಯರ್‌ನಲ್ಲಿ ಗಾಳಿ ಹೋಗ್ತಿದೆ ಅಂದ್ಕೊಂಡ. ಬಗ್ಗಿ ಎರಡೂ ಟಯರ್ ಹಿಸುಕಿ ನೋಡ್ದ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಪುಸ್... ಪುಸ್...

ಆಮೇಲೆ ಶಬ್ದ ಬದಲಾಯ್ತು. ಸ್ಸ್ಸ್ಸ್ಸ್... ಅಂತ ಸಣ್ಣಗೆ, ಉದ್ದಕ್ಕೆ. ಅದರ ನಡುವೆ... ಟಪ್. ಟಪ್. ಟಪ್. ಗಡಿಯಾರ ಅಲ್ಲ, ನಲ್ಲಿ ಅಲ್ಲ. ಮೆತ್ತಗಿನ ಟಪ್. ಹಾಗೇ ಸಣ್ಣದಾಗ್ತಾ ಆಗ್ತಾ ನಿಂತ್ಹೋಯ್ತು. ನಿಂತ ಮೇಲೆ ಪಿಸುಮಾತು.

"ಎಷ್ಟಿದೆ ರೀ?"

ಹೆದರೋಕೂ ಪುರುಸೊತ್ತಾಗ್ಲಿಲ್ಲ ಅಂತ ಅವನೇ ನನಗೆ ಹೇಳಿದ್ದು. ಅಭ್ಯಾಸ ನೋಡಿ, ಬಾಯಿಗೆ ಬಂದಿದ್ದನ್ನ ಹೇಳ್ಬಿಟ್ಟ.

"ಪಾಯಿಂಟ್ ಮೂರು."

ಒಂದು ಗಳಿಗೆ ಏನೂ ಇಲ್ಲ... ಗಾಳಿ ಕೂಡ ಇಲ್ಲ. ಆಮೇಲೆ ಬಾವಿ ಒಳಗಿಂದ, ನಗು ಬೆರೆತ ದನಿ.

"ಅಷ್ಟೇನಾ?"

ಆಗ ಸೈಕಲ್ ಅಲ್ಲೇ ಬಿಸಾಕಿ ಓಡ್ದ. ಅವನ ಮನೆ ದಾಟಿ ಮೂರು ಬಾಗಿಲು ಆಚೆ ನನ್ನ ಮನೆ. ದಬದಬ ಕದ ಬಡ್ದ. ತೆಗೆದ್ರೆ ಮೈಯೆಲ್ಲ ಬೆವರು, ಕಾಲಲ್ಲಿ ಒಂದೇ ಶೂ. "ಏನಾಯ್ತಣ್ಣ?" ಅಂದೆ. ಅವನು ಆಡಿದ್ದು ಒಂದೇ ಮಾತು.

"ಅವಳು ಇನ್ನೂ ಕೇಳ್ತಾನೇ ಇದಾಳೆ ಕಣೇ."

ಏಯ್, ನಗ್ತಿದೀಯಾ ನೀನು? ನಗು, ನಗು. ನರ್ಸ್ ಡ್ಯೂಟಿಗೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ, ನಗದೆ ಇನ್ನೇನು ಮಾಡ್ತೀಯ. ಇವತ್ತು ಸಂಜೆ ಆರನೇ ಮಂಚದ ಅಜ್ಜಿ ಚಾರ್ಟಿನಲ್ಲಿ ಬಿ.ಪಿ. ಇನ್ನೂರ ಹತ್ತು ಅಂತ ಬರೆದು, ಪೆನ್ನು ಜೇಬಿಗಿಟ್ಕೊಂಡು, ಯಾರಿಗೂ ಹೇಳದೆ ಚಾ ಕುಡಿಯೋಕೆ ಹೋಗಿದ್ದು ಯಾರು? ನೀನೇ ತಾನೇ? ನಾನು ನೋಡಿದ್ದಕ್ಕೆ ಆಯ್ತು. ಈಗ ಅಜ್ಜಿ ಮಲಗಿದಾರೆ, ಡಾಕ್ಟರ್ ಬಂದು ಹೋಗಿದಾರೆ, ವಾರ್ಡು ತಣ್ಣಗಿದೆ. ಅದಕ್ಕೇ ಹೇಳ್ತಿದೀನಿ. ನಿಮ್ಮಿಬ್ರಿಗೂ ಹೇಳ್ತಿದೀನಿ. ಯಾರೋ ಯಾರಿಗೋ ಹೇಳಿದ ಕತೆ ಅಲ್ಲ ಇದು. ನನ್ನ ಒಡಹುಟ್ಟಿದ ಅಣ್ಣಂದು. ದೆವ್ವ ಅನ್ನೋ ಮಾತು ಮಾತ್ರ ಆಡ್ಬೇಡಿ. ಅವಳು ನಮ್ಮತ್ತಿಗೆ.

ಅಣ್ಣ ಬಾಯ್ಲರ್ ನೋಡ್ಕೊಳ್ಳೋನು. ಇಪ್ಪತ್ತಾರು ವರ್ಷ ಒಂದೇ ಬಾಯ್ಲರ್ ಮನೆ. ಓಣಿಯಲ್ಲಿ ಅವನ ಹೆಸರೇ 'ಬಾಯ್ಲರ್' ಅಂತ ಆಗ್ಹೋಗಿತ್ತು. ನಾನು ಬಾಯ್ಲರ್ ತಂಗಿ. ಅತ್ತಿಗೆ ಬಾಯ್ಲರ್ ಮನೆಯವಳು. ಆವಿ ಎಷ್ಟು ಜೋರಾಗಿ ಒತ್ತುತ್ತೆ ಅನ್ನೋದನ್ನ ಅವರು ಕೆ.ಜಿ.ಲಿ ಹೇಳ್ತಾರೆ. ಉಗುರಿನಷ್ಟು ಜಾಗದ ಮೇಲೆ ಎಷ್ಟು ಕೆ.ಜಿ. ಭಾರ ಅಂತ. ಅವನ ಬಾಯ್ಲರ್ ಹತ್ತು ಕೆ.ಜಿ. ಅದಕ್ಕಿಂತ ಹಳೇದು ಒಂದಿತ್ತು, ಅದು ಪೌಂಡಿನದು. ಇನ್ಸ್‌ಪೆಕ್ಟರ್ ಪೌಂಡಿನಲ್ಲಿ ಕೇಳಿದ್ರೆ ಪೌಂಡು, ಕೆ.ಜಿ.ಲಿ ಕೇಳಿದ್ರೆ ಕೆ.ಜಿ., ಚಿಮಣಿ ಎಳೆಯೋ ಗಾಳಿಗೆ ಇಂಚು ನೀರಿನ ಲೆಕ್ಕ. ಎಲ್ಲಾ ಬಾಯಲ್ಲೇ ತಿರುಗಿಸಿ ಹೇಳೋನು. ಕಾಗದ ಪೆನ್ನು ಬೇಡ. ಅದೊಂದು ಜಂಬ ಅವನಿಗೆ.

ಮನೆಗೆ ಬಂದ್ರೂ ಅದೇ ಭಾಷೆ. ಕುಕ್ಕರ್ ಕೂಗಿದ್ರೆ "ಒಂದು ಕೆ.ಜಿ. ಆಯ್ತು, ಇಳಿಸೇ" ಅನ್ನೋನು. ಅತ್ತಿಗೆಗೆ ಸಿಟ್ಟು ಬಂದ್ರೆ "ಇವತ್ತು ಒಂದೂವರೆ ಕೆ.ಜಿ.ಗೆ ಏರಿದೆ, ಯಾರೂ ಹತ್ರ ಹೋಗ್ಬೇಡಿ" ಅನ್ನೋನು. ಅವಳೂ ಬಿಡ್ತಿರ್ಲಿಲ್ಲ. "ಸೇಫ್ಟಿ ವಾಲ್ವ್ ಹಾರುತ್ತೆ ನೋಡಿ" ಅಂತ ಸೌಟು ತೋರಿಸೋಳು. ಮಕ್ಕಳಿರ್ಲಿಲ್ಲ ಅವರಿಗೆ. ಇಬ್ರೇ ಇಬ್ರು, ಮನೆ ತುಂಬಾ ಮಾತು.

ಅತ್ತಿಗೆಗೆ ತಲೆನೋವು ಶುರುವಾಯ್ತು. ಹಿಂದಲೆ ಒಡೆದು ಹೋಗೋ ಹಾಗೆ, ಬೆಳಿಗ್ಗೆ ಎದ್ದ ಕೂಡ್ಲೇ. ಒಂದು ಭಾನುವಾರ ನಾನು ನನ್ನ ಪಾದರಸದ ಬಿ.ಪಿ. ಪೆಟ್ಟಿಗೆ ತಗೊಂಡು ಹೋದೆ. ತೋಳಿಗೆ ಪಟ್ಟಿ ಸುತ್ತಿದೆ, ಬಲ್ಬು ಒತ್ತಿದೆ, ಗಾಳಿ ಬಿಡ್ತಾ ಕಿವಿಗೊಟ್ಟು ಕೇಳಿದೆ. ಮೊದಲನೇ ಟಪ್ ಕೇಳಿಸಿದ ಕಡೆ ನೋಡಿದ್ರೆ... ಇನ್ನೂರ ಇಪ್ಪತ್ತು. ನಂಬಿಕೆ ಆಗ್ಲಿಲ್ಲ. ಇನ್ನೊಂದ್ಸಲ ನೋಡಿದೆ. ಅದೇ ಇನ್ನೂರ ಇಪ್ಪತ್ತು.

"ಅತ್ತಿಗೆ, ಏಳು. ಈಗ್ಲೇ ಆಸ್ಪತ್ರೆಗೆ ಹೋಗೋಣ" ಅಂದೆ.

ಅವಳು ಏನೂ ಕೇಳ್ಲಿಲ್ಲ. ಸೆರಗು ಸರಿ ಮಾಡ್ಕೊಂಡು ಬಾಗಿಲ ಹತ್ರ ಹೋದ್ಲು. ಅವಳದೊಂದು ಕಂದು ಚಪ್ಪಲಿ. ಎಡಗಾಲಿಂದು ಪಟ್ಟಿ ಕಿತ್ತೋಗಿ ನೀಲಿ ದಾರದಲ್ಲಿ ಹೊಲಿದಿದ್ಲು, ಹೊಸದು ತಗೋಳೇ ಅಂದ್ರೆ ಕೇಳ್ತಿರ್ಲಿಲ್ಲ. ಆ ನೀಲಿ ದಾರದ ಚಪ್ಪಲಿಗೆ ಒಂದು ಕಾಲು ಹಾಕಿಯೂ ಆಗಿತ್ತು.

ಆಗ ಅಣ್ಣ, ಕುರ್ಚಿಯಿಂದ ಏಳದೇನೇ ಕೇಳ್ದ. "ಎಷ್ಟಂದೆ?"

"ಇನ್ನೂರ ಇಪ್ಪತ್ತು."

"ಇನ್ನೂರ ಇಪ್ಪತ್ತು ಏನು?"

"ಏನು ಅಂದ್ರೆ? ಮಿಲಿಮೀಟರ್. ಪಾದರಸದ ಮಿಲಿಮೀಟರ್."

ಅವನ ಕಣ್ಣು ಒಂದು ಸಲ ಮೇಲಕ್ಕೆ ಹೋಗಿ ಬಂತು. ಲೆಕ್ಕ ಹಾಕುವಾಗ ಹಾಗೇ ಮಾಡೋನು. "ಒಂದು ಕೆ.ಜಿ.ಗೆ ಪಾದರಸ ಏಳ್ನೂರ ಮೂವತ್ತೈದೂವರೆ ಮಿಲಿಮೀಟರ್... ಇನ್ನೂರ ಇಪ್ಪತ್ತನ್ನ ಅದರಿಂದ ಭಾಗಿಸಿದ್ರೆ..." ಅಂತ ಅಂದು ಜೋರಾಗಿ ನಕ್ಕ. "ಪಾಯಿಂಟ್ ಮೂರು! ಪೂರ್ತಿ ಪಾಯಿಂಟ್ ಮೂರೂ ಇಲ್ಲ! ಲೇ, ನನ್ನ ಸೈಕಲ್ ಟಯರ್‌ಗೆ ಮೂರು ಕೆ.ಜಿ. ಬೇಕು. ಪಾಯಿಂಟ್ ಮೂರಕ್ಕೆ ಬಾಯ್ಲರ್‌ನಲ್ಲಿ ಗೇಜಿನ ಮುಳ್ಳು ಅಲ್ಲಾಡೋದೂ ಇಲ್ಲ. ಅದಕ್ಕೆ ಆಸ್ಪತ್ರೆನಾ?"

ಅತ್ತಿಗೆ ಒಂದು ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ನಿಂತೇ ಇದ್ಲು. ಮುಖ ಅರಳ್ತು. ಒಳಗೊಳಗೇ ಎಷ್ಟು ಹೆದರಿದ್ಲು ಅಂತ ನನಗೆ ಆಗ ಗೊತ್ತಾಯ್ತು.

"ಪಾಯಿಂಟ್ ಮೂರು ಕೆ.ಜಿ. ಅಂದ್ರೆ... ಮುನ್ನೂರು ಗ್ರಾಂ. ಅಷ್ಟೇನಾ? ಒಂದು ಹೊತ್ತಿನ ಟೊಮೆಟೊ!" ಅಂದ್ಲು. ಚಪ್ಪಲಿ ಬಿಟ್ಲು. ಒಳಗೆ ಹೋಗಿ ಚಾಕ್ಕೆ ನೀರಿಟ್ಲು.

ಲೆಕ್ಕ ಸರಿಯಾಗೇ ಇತ್ತು ಕಣ್ರೇ. ಅದೇ ಕರುಳು ಹಿಂಡೋದು. ಒಂದು ಅಂಕಿನೂ ತಪ್ಪಿರ್ಲಿಲ್ಲ.

ನಾನು ಬಿಡ್ಲಿಲ್ಲ, ಕೂಗಾಡಿದೆ. "ಅವಳು ನಿನ್ನ ಹೆಂಡ್ತಿ, ಬಾಯ್ಲರ್ ಅಲ್ಲ" ಅಂದೆ. ಅವನು "ಹತ್ತು ಕೆ.ಜಿ. ಕಾಯೋನಿಗೆ ಪಾಯಿಂಟ್ ಮೂರು ಹೇಳಿಕೊಡೋಕೆ ಬಂದಿದೀಯಾ? ನಿನ್ನ ಪಾದರಸ ನೀನೇ ಇಟ್ಕೋ" ಅಂದ. ನನಗೂ ಮೂಗಿನ ತುದೀಲಿ ಕೋಪ. ಪೆಟ್ಟಿಗೆ ಮುಚ್ಚಿದೆ, ಚೀಟಿ ಮೇಲೆ ಇನ್ನೂರ ಇಪ್ಪತ್ತು ಅಂತ ಬರೆದು ಮೇಜಿನ ಮೇಲೆ ಎಸೆದೆ, ಚಾ ಕುಡಿಯದೆ ಹೊರಟೆ. ಬರೆದಿದೀನಲ್ಲ, ಇನ್ನು ಅವರ ಹಣೆಬರಹ ಅಂದ್ಕೊಂಡೆ.

ಹನ್ನೊಂದು ದಿನ ಮಾತು ಬಿಟ್ಟೆ. ಮೂರು ಬಾಗಿಲ ದೂರ. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಕೈ ಎತ್ತೋಳು. ನಾನು ಬ್ಯಾಗಿನಲ್ಲಿ ಏನೋ ಹುಡುಕೋ ಹಾಗೆ ಮಾಡಿ ಮುಂದೆ ಹೋಗ್ತಿದ್ದೆ. ಹನ್ನೊಂದು ಬೆಳಿಗ್ಗೆ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಎದೆ ಉರಿಯುತ್ತೆ ನನಗೆ.

ನನ್ನ ಪೆಟ್ಟಿಗೆ ಹೋಯ್ತಲ್ಲ, ಅಣ್ಣ ಸುಮ್ನೆ ಕೂರೋನಲ್ಲ. ಕಾರ್ಖಾನೆ ಗುಜರಿಯಿಂದ ಒಂದು ಸಣ್ಣ ಗೇಜು ತಂದ. ಸೊನ್ನೆಯಿಂದ ಒಂದು ಕೆ.ಜಿ.ವರೆಗೂ ಇರೋದು, ಅಂಗೈಯಷ್ಟಗಲ. ಎಲ್ಲಿಂದಲೋ ಹಳೇ ತೋಳಿನ ಪಟ್ಟಿ, ರಬ್ಬರ್ ಬಲ್ಬು, ಸ್ಟೆತಾಸ್ಕೋಪು ಎಲ್ಲಾ ಹೊಂದಿಸ್ದ. ಪೈಪು ಸೇರಿಸಿ, ಗಾಳಿ ಸೋರದ ಹಾಗೆ ದಾರ ಸುತ್ತಿ, ತಾನೇ ಒಂದು ಬಿ.ಪಿ. ಮೆಷಿನ್ನು ಮಾಡ್ದ. ಬಾಯ್ಲರ್ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪ್ರತಿ ಗೇಜಿನ ಮೇಲೂ ಕೆಂಪು ಗೆರೆ ಇರ್ಲೇಬೇಕು. ಇದನ್ನ ದಾಟಿದ್ರೆ ಅಪಾಯ ಅಂತ. ಕೆಂಪು ಗೆರೆ ಇಲ್ಲದ ಗೇಜು ಕಂಡ್ರೆ ಅಣ್ಣ ಮೈ ಪರಚ್ಕೊಳ್ಳೋನು. ಆದ್ರೆ ಇದಕ್ಕೆ ಮಾತ್ರ ಹಾಕ್ಲಿಲ್ಲ. "ಒಂದು ಕೆ.ಜಿ. ಮುಟ್ಟೋದೇ ಇಲ್ಲ, ಗೆರೆ ಎಲ್ಲಿ ಹಾಕ್ಲಿ?" ಅಂತ ಅವಳಿಗೆ ಹೇಳಿದ್ನಂತೆ.

ದಿನಾ ಮಧ್ಯಾಹ್ನ ಒಂದೂವರೆಗೆ, ಪಾಳಿಗೆ ಹೊರಡೋ ಮುಂಚೆ, ಅವಳನ್ನ ಕುರ್ಚಿ ಮೇಲೆ ಕೂರಿಸಿ ನೋಡೋನು. ಪುಸ್, ಪುಸ್, ಪುಸ್. ಸ್ಸ್ಸ್. ಟಪ್, ಟಪ್.

"ಎಷ್ಟಿದೆ ರೀ?"

"ಪಾಯಿಂಟ್ ಮೂರು."

"ಅಷ್ಟೇನಾ?"

ಪಟ್ಟಿ ಬಿಚ್ಚಿ ಎದ್ದು ಅವನ ಊಟದ ಡಬ್ಬಿ ಕೈಗೆ ಕೊಡೋಳು. ಹನ್ನೊಂದು ದಿನ. ಪ್ರೀತಿಯಿಂದ್ಲೇ ನೋಡಿದ್ದು ಕಣ್ರೇ ಅವನು. ಒಂದು ದಿನ ತಪ್ಪಿಸಿರ್ಲಿಲ್ಲ.

ಹನ್ನೆರಡನೇ ದಿನ ಅವಳು ಡಬ್ಬಿ ತರೋಕೆ ಅಂತ ಎದ್ದೋಳು ಅಡುಗೆಮನೆ ಹೊಸ್ತಿಲಲ್ಲೇ ಬಿದ್ಲು.

ನಾನು ಡ್ಯೂಟಿಯಲ್ಲಿದ್ದೆ. ಇದೇ ಆಸ್ಪತ್ರೆ, ಕೆಳಗಿನ ಬಾಗಿಲು. ಆಟೋದಿಂದ ಎತ್ತಿ ಇಳಿಸ್ತಿದ್ರು. ಮೊದಲು ಕಂಡಿದ್ದು ಬರೀ ಪಾದ, ಚಪ್ಪಲಿ ಇಲ್ಲದ ಪಾದ. ಆಮೇಲೆ ಸೀರೆ. ಆಮೇಲೆ ಮುಖ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಸಂಜೆ ಐದಕ್ಕೆ ಎಲ್ಲಾ ಮುಗೀತು.

ಕಾರಿಡಾರಿನ ಬೆಂಚಿನ ಮೇಲೆ ಅಣ್ಣ ಕೂತಿದ್ದ. ನನ್ನ ಕೈ ಹಿಡ್ಕೊಂಡು ಕೇಳ್ದ. "ಪಾಯಿಂಟ್ ಮೂರೇ ಕಣೇ ಇದ್ದಿದ್ದು. ಇವತ್ತೂ ನೋಡ್ದೆ. ಪಾಯಿಂಟ್ ಮೂರಕ್ಕೆ ಹೇಗೆ ಒಡೆಯುತ್ತೆ?"

ಆಗ ನಾನು ಒಂದು ಮಾತು ಹೇಳಿದೆ. ಹೇಳಬಾರದಿತ್ತು. ದುಃಖ, ಕೋಪ, ನನ್ನ ಮೇಲೆ ನನಗೇ ಇದ್ದ ಸಿಟ್ಟು ಎಲ್ಲಾ ಅವನ ಮೇಲೆ ತಿರುಗ್ತು.

"ಲೆಕ್ಕ ಚೆನ್ನಾಗಿ ಬರುತ್ತಲ್ಲ ನಿನಗೆ? ಅದನ್ನ ನೀರಿಗೆ ತಿರುಗ್ಸು."

ಅವನ ಕಣ್ಣು ಮೇಲಕ್ಕೆ ಹೋಯ್ತು. ಒಂದು ಕೆ.ಜಿ. ಅಂದ್ರೆ ಹತ್ತು ಮೀಟರ್ ನೀರು. ಪಾಯಿಂಟ್ ಮೂರು ಅಂದ್ರೆ ಮೂರು ಮೀಟರ್. ಹತ್ತಡಿ ಹತ್ತಿರ. ಆ ಕಾರಿಡಾರಿನ ಚಾವಣಿ ಹತ್ತಡಿ ಎತ್ತರ. ಅಷ್ಟು ಎತ್ತರಕ್ಕೆ ನೀರು ಚಿಮ್ಮಿಸೋ ಒತ್ತಡ, ದಾರದಂಥ ನಾಳದೊಳಗೆ, ಹಗಲೂ ರಾತ್ರಿ. ಮೇಲಕ್ಕೆ ಹೋದ ಕಣ್ಣು ಮತ್ತೆ ಕೆಳಗೆ ಬರ್ಲಿಲ್ಲ. ಚಾವಣಿ ನೋಡ್ತಾ ಹಾಗೇ ಕೂತ. ನನ್ನ ಕೈ ಬಿಟ್ಟ.

ಆಮೇಲೆ ಮೂರು ವಾರ ಬಿಟ್ಟು ಬಾವಿ ಹತ್ರ ಆಗಿದ್ದು ನಿಮಗೆ ಹೇಳಿದೆ. ಇನ್ನು ಮುಂದಿಂದು ಕೇಳಿ.

ಮಾರನೇ ದಿನ ಆ ದಾರಿ ಬಿಟ್ಟು ಮುಂದಿನ ಗೇಟಿನಿಂದ ಬರ್ತಾನೆ ಅಂದ್ಕೊಂಡಿದ್ದೆ. ಇಲ್ಲ. ಮಾರನೇ ದಿನಾನೂ ಬಾವಿ ಹತ್ರ ಹೋದ. ಅದರ ಮಾರನೇ ದಿನಾನೂ. ಹೆದರಿ ಅಲ್ಲ... ಕೇಳಿಸ್ಕೊಳ್ಳೋಕೆ. ಹತ್ತಕ್ಕೆ ಪಾಳಿ ಮುಗಿದ್ರೆ ಹನ್ನೊಂದಕ್ಕೆ ಬರೋನು, ಆಮೇಲೆ ಹನ್ನೆರಡಕ್ಕೆ, ಆಮೇಲೆ ಒಂದಕ್ಕೆ. ಗೇಜನ್ನ ಅಂಗಿ ಜೇಬಿನಲ್ಲಿ ಇಟ್ಕೊಂಡು ಓಡಾಡೋನು. ಊಟ ಬಿಟ್ಟ. ನಾನು ತಟ್ಟೆಗೆ ಹಾಕಿಟ್ರೆ ಬೆಳಿಗ್ಗೆ ಹಾಗೇ ಇರೋದು. ಬಾಗಿಲ ಹತ್ರ ಅತ್ತಿಗೆಯ ಚಪ್ಪಲಿ ಅವಳು ಬಿಟ್ಟ ಹಾಗೇ ಇತ್ತು, ಒಂದು ನೇರ, ಒಂದು ಸ್ವಲ್ಪ ಅಡ್ಡ. ಗುಡಿಸುವಾಗ ಸರಿಸೋಕೆ ಹೋದ್ರೆ "ಮುಟ್ಬೇಡ!" ಅಂತ ಕೂಗೋನು. ಸುತ್ತ ಧೂಳು ಕೂತಿತ್ತು.

"ಅಣ್ಣ, ಅದು ನಿನ್ನ ಮನಸ್ಸು. ಹಗಲೂ ರಾತ್ರಿ ಅದನ್ನೇ ನೆನೆಸಿದ್ರೆ ಕಿವಿಗೆ ಕೇಳ್ಸುತ್ತೆ" ಅಂದೆ ಒಂದಿನ.

"ಹಗ್ಗ ಬಿಟ್ಟು ಅಳೆದೆ" ಅಂದ.

"ಏನನ್ನ?"

"ಬಾವಿನ. ಕಟ್ಟೆಯಿಂದ ನೀರಿಗೆ ಸರಿಯಾಗಿ ಮೂರು ಮೀಟರ್ ಕಣೇ."

ಅವನು ತಣ್ಣಗೆ ಇನ್ನೊಂದು ಮಾತು ಸೇರಿಸ್ದ. "ಮೇಲಿಂದ ದನಿ ಸಣ್ಣಗೆ ಕೇಳ್ಸುತ್ತೆ. ಕೆಳಗೆ ಇಳಿದ್ರೆ ಇನ್ನೂ ಚೆನ್ನಾಗಿ ಕೇಳ್ಸುತ್ತೇನೋ."

ಅಷ್ಟು ಕೇಳಿದ್ಮೇಲೆ ಸುಮ್ನೆ ಇರೋಕಾಗುತ್ತಾ? ಅತ್ತಿಗೆಗೆ ಹನ್ನೊಂದು ದಿನ ಮುಖ ತಿರುಗಿಸಿದ್ದು ಸಾಕಾಗಿತ್ತು. ಆ ರಾತ್ರಿ ಹತ್ತಕ್ಕೆ ಮುಂಚೆನೇ ಟಾರ್ಚು ತಗೊಂಡು ಹೋಗಿ ದೀಪವಿಲ್ಲದ ಕಂಬದ ಹಿಂದೆ ನಿಂತೆ.

ಸೈಕಲ್ ಚಕ್ರ ಕಿರ್... ಕಿರ್... ಅಂತ ಬಂತು. ಅಣ್ಣ ಸೈಕಲ್ ಒರಗಿಸ್ದ. ಕಟ್ಟೆ ಹತ್ತಿ, ಕಾಲು ಒಳಗೆ ಬಿಟ್ಕೊಂಡು ಕೂತ. ಬಾವಿ ಕಟ್ಟೆ ಮೇಲೆ ಅಲ್ಲ, ಮನೆ ಜಗಲಿ ಮೇಲೆ ಕೂತ ಹಾಗೆ. ಜೇಬಿನಿಂದ ಗೇಜು ತೆಗೆದ. ಪೈಪಿಲ್ಲ, ಪಟ್ಟಿಯಿಲ್ಲ, ಬಲ್ಬಿಲ್ಲ. ಬರೀ ಗೇಜು.

ನಾನು ಹೆಜ್ಜೆ ಸದ್ದಾಗದ ಹಾಗೆ ಹತ್ರ ಹೋಗಿ ಹಿಂದಿನಿಂದ ಅವನ ಅಂಗಿ ಬಿಗಿಯಾಗಿ ಹಿಡ್ಕೊಂಡೆ. ಅವನು ತಿರುಗಿ ನೋಡ್ಲಿಲ್ಲ. "ಬಂದ್ಯಾ? ಸುಮ್ನೆ ಇರು. ಈಗ ಕೇಳ್ತಾಳೆ" ಅಂದ, ಪಿಸುಗುಟ್ಟೋ ದನಿಯಲ್ಲಿ.

ಪುಸ್... ಪುಸ್... ಪುಸ್...

ನಾನೂ ಕೇಳಿದೆ. ಮೂವತ್ತು ವರ್ಷ ಸ್ಟೆತಾಸ್ಕೋಪು ಹಾಕಿದ ಕಿವಿ ಇವು. ಟಾರ್ಚಿನ ಬೆಳಕು ಗೇಜಿನ ಮೇಲೆ ಬಿಟ್ಟೆ. ಒಂದೊಂದು ಪುಸ್‌ಗೂ ಮುಳ್ಳು ಒಂದಿಷ್ಟು ಏರ್ತಿತ್ತು. ಪಾಯಿಂಟ್ ಒಂದು... ಪಾಯಿಂಟ್ ಎರಡು... ಪಾಯಿಂಟ್ ಮೂರೂವರೆ. ಆಮೇಲೆ ಸ್ಸ್ಸ್ಸ್ಸ್ ಅಂತ ಇಳಿಯೋಕೆ ಶುರುವಾಯ್ತು. ಸರಿಯಾಗಿ ಪಾಯಿಂಟ್ ಮೂರಕ್ಕೆ ಬಂದಾಗ... ಟಪ್.

ಟಾರ್ಚು ಕೈಯಿಂದ ಜಾರಿ ಕಟ್ಟೆ ಮೇಲೆ ಬಿತ್ತು. ಬೆಳಕು ಬಾವಿ ಒಳಗೆ ಹೋಯ್ತು. ನೀರು ಮೂರು ಮೀಟರ್ ಕೆಳಗೆ ಇರ್ಲಿಲ್ಲ. ಕಟ್ಟೆ ತನಕ ಬಂದಿತ್ತು. ಅಣ್ಣನ ಶೂ ನೀರಲ್ಲಿ ಮುಳುಗಿತ್ತು. ಟಪ್ ಅಂದಾಗೆಲ್ಲ ಆ ನೀರು ಒಂದು ಸಲ ನಡುಗೋದು.

"ಎಷ್ಟಿದೆ ರೀ?"

ಅತ್ತಿಗೆ ದನಿ. ನನ್ನಾಣೆ, ಅತ್ತಿಗೆ ದನಿ. ಅಳು ಒತ್ತರಿಸ್ಕೊಂಡು ಬಂತು ನನಗೆ. ಅಣ್ಣ ಬಾಯಿ ತೆರೆದ. ಏನು ಹೇಳ್ತಾನೆ ಅಂತ ಗೊತ್ತಿತ್ತು. ಅಂಗಿ ಜಗ್ಗಿದೆ.

"ಅಣ್ಣ, ಹಾಗೆ ಹೇಳ್ಬೇಡ. ಪಾದರಸದ ಲೆಕ್ಕದಲ್ಲಿ ಹೇಳು."

"ಹೇಳಿದ್ರೆ ಹೆದರ್ತಾಳೆ."

"ಹೆದರ್ಲಿ. ಹೆದರ್ಬೇಕಿತ್ತು. ನೀನೂ ಹೆದರ್ಬೇಕಿತ್ತು, ನಾನೂ ಹೆದರಿ ನಿಮ್ಮಿಬ್ರನ್ನೂ ಎಳ್ಕೊಂಡು ಹೋಗ್ಬೇಕಿತ್ತು."

ಅವನು ಅಳೋಕೆ ಶುರು ಮಾಡ್ದ. ಕಾರಿಡಾರಿನಲ್ಲೂ ಅತ್ತಿರ್ಲಿಲ್ಲ ಅವನು. "ಪಾಯಿಂಟ್ ಮೂರು ಅಂದ್ರೆ ನಗ್ತಾಳೆ ಕಣೇ... ದಿನಾ ನಗ್ತಾಳೆ. ನಿಜ ಹೇಳಿದ್ರೆ ಮತ್ತೆ ಬರಲ್ಲ."

"ಗೊತ್ತು" ಅಂದೆ. ಇನ್ನೇನು ಹೇಳ್ಲಿ? "ಆದ್ರೂ ಅವಳು ದಿನಾ ಬಂದು ಕೇಳ್ತಿದಾಳಲ್ಲ ಅಣ್ಣ. ಯಾಕೆ ಕೇಳ್ತಿದಾಳೆ?"

ಬಾವಿ ಒಳಗಿಂದ ಮತ್ತೆ, ಮೆಲ್ಲಗೆ, ಅವನು ಕೇಳಿಸ್ಕೊಂಡಿಲ್ಲವೇನೋ ಅನ್ನೋ ಹಾಗೆ.

"ಎಷ್ಟಿದೆ ರೀ?"

ಅಣ್ಣ ಮುಂಗೈಯಲ್ಲಿ ಮೂಗು ಒರೆಸ್ಕೊಂಡ.

"ಇನ್ನೂರ ಇಪ್ಪತ್ತು" ಅಂದ. "ಜಾಸ್ತಿ ಇದೆ ಕಣೇ. ತುಂಬಾ ಜಾಸ್ತಿ ಇದೆ. ನಾನು ಇವತ್ತು ಡ್ಯೂಟಿಗೆ ಹೋಗಲ್ಲ. ನಡಿ, ಆಸ್ಪತ್ರೆಗೆ ಹೋಗೋಣ."

ಏನೂ ಸದ್ದಿಲ್ಲ. ಟಪ್ ಕೂಡ ಇಲ್ಲ. ಹೆದರಿದ್ಲೇನೋ ಅಂದ್ಕೊಂಡೆ. ಆಮೇಲೆ ಅವಳು, ಮಧ್ಯಾಹ್ನದ ಹೊತ್ತು ಮನೆಯೊಳಗೆ ಮಾತಾಡೋ ಹಾಗೆ, ಏನೂ ಆಗೇ ಇಲ್ಲ ಅನ್ನೋ ಹಾಗೆ, ಹೇಳಿದ್ಲು.

"ಸರಿ ರೀ. ಚಪ್ಪಲಿ ಹಾಕ್ಕೊಂಡು ಬಂದೆ, ಇರಿ."

ಅಷ್ಟೇ. ಹೆದರಿಕೆಯೂ ಇಲ್ಲ, ಬೈಗುಳವೂ ಇಲ್ಲ. ಹೋಗೋಣ ಅಂತ ಅಂದಿದ್ರೆ ಸಾಕಿತ್ತು, ಆವತ್ತೂ ಬರ್ತಿದ್ಲು. ಒಂದು ಕಾಲು ಹಾಕಿಯೂ ಆಗಿತ್ತಲ್ಲ...

ಟಾರ್ಚು ಎತ್ತಿ ಗೇಜು ನೋಡಿದೆ, ಮುಳ್ಳು ಇಳೀತಿತ್ತು. ಪಾಯಿಂಟ್ ಒಂದು ಆರು, ಅದಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತ್ಕೊಂಡ್ತು. ಒಂದೆರಡು ಉಸಿರು. ಆಮೇಲೆ ಸೊನ್ನೆ. ಬೆಳಕನ್ನ ಬಾವಿ ಒಳಗೆ ತಿರುಗಿಸಿದೆ. ನೀರು ತನ್ನ ಜಾಗದಲ್ಲಿ, ಮೂರು ಮೀಟರ್ ಕೆಳಗೆ ಕಪ್ಪಗಿತ್ತು. ಅಣ್ಣನ ಶೂ ಮಾತ್ರ ತೊಟ್ಟಿಕ್ಕುತ್ತಿತ್ತು.

ಅವನು ಕಟ್ಟೆಯಿಂದ ಇಳಿದ. ಆದ್ರೆ ಹೊರಡ್ಲಿಲ್ಲ. "ಇರಿ ಅಂದಿದಾಳೆ" ಅಂದ. ಎಳೆಯೋಕೆ ಮನಸ್ಸು ಬರ್ಲಿಲ್ಲ ನನಗೆ. ಇಬ್ರೂ ಕಟ್ಟೆಗೆ ಒರಗಿ ಬೆಳಗಾಗೋವರೆಗೂ ಕಾದ್ವಿ. ಯಾರೂ ಬರ್ಲಿಲ್ಲ.

ಬೆಳಕು ಹರಿದ ಮೇಲೆ ಮನೆ ಕಡೆ ನಡೆದ್ವಿ. ದಾರೀಲಿ ಅವನು ಇದ್ದಕ್ಕಿದ್ದ ಹಾಗೆ ಕೇಳ್ದ. "ಸರಿಯಾದ ಬಿ.ಪಿ. ಎಷ್ಟು?"

"ನೂರಿಪ್ಪತ್ತು."

ಅವನ ಕಣ್ಣು ಮೇಲಕ್ಕೆ ಹೋಗಿ ಬಂತು. "ಕೆ.ಜಿ.ಲಿ ಪಾಯಿಂಟ್ ಒಂದು ಆರು, ಒಂದು ಕೂದಲು ಮೇಲೆ. ನೀರಲ್ಲಿ..." ನಿಂತ. "ನೀರಲ್ಲಿ ಐದಡಿ ನಾಲ್ಕಂಗುಲ."

ಅತ್ತಿಗೆ ಐದಡಿ ನಾಲ್ಕಂಗುಲ ಇದ್ಲು.

"ಕೆಂಪು ಗೆರೆ ಎಲ್ಲಿ ಹಾಕ್ಲಿ ಅಂತ ಅವಳನ್ನೇ ಕೇಳಿದ್ದೆ" ಅಂದ. "ನನ್ನ ಕಣ್ಣೆದುರಿಗೇ ಓಡಾಡ್ತಿತ್ತು ಕಣೇ ಕೆಂಪು ಗೆರೆ."

ಅಲ್ಲಿ ಗೋಡೆ ಮೇಲೆ ಮೊಳೆಗೆ ನೇತು ಹಾಕಿದೆಯಲ್ಲ, ಇದೇನಕ್ಕ ಇಲ್ಲಿ ಅಂತ ನೀವು ಮೊದಲನೇ ದಿನ ಕೇಳಿದ್ರಲ್ಲ, ಆ ಗೇಜೇ ಅದು. ಕೆಂಪು ಗೆರೆ ಅವನು ಆಮೇಲೆ ಹಾಕಿದ್ದು, ಪಾಯಿಂಟ್ ಒಂದು ಒಂಬತ್ತಕ್ಕೆ. ನಿಮ್ಮ ಲೆಕ್ಕದಲ್ಲಿ ನೂರ ನಲವತ್ತು, ಅದು ದಾಟಿದ್ರೆ ಜಾಸ್ತಿ ಅಂತ ನಾನೇ ಹೇಳಿಕೊಟ್ಟೆ. ಮುಳ್ಳು ಈಗ ಸೊನ್ನೆಯಲ್ಲೇ ಇದೆ, ಹೆದರ್ಬೇಡಿ. ಅದನ್ನ ನೋಡಿದಾಗೆಲ್ಲ ಅಂಕಿ ಬರೆದು ಸುಮ್ಮನಾಗ್ಬಾರದು, ಬಾಯಿ ಬಿಟ್ಟು ಹೇಳ್ಬೇಕು ಅಂತ ನೆನಪಾಗ್ಲಿ ಅಂತ ಇಟ್ಟಿದೀನಿ. ನನಗೇ ನೆನಪಾಗ್ಲಿ ಅಂತ.

ಅಣ್ಣ ಈಗ ಚೆನ್ನಾಗಿದಾನೆ. ಊಟ ಮಾಡ್ತಾನೆ. ಬಾವಿ ದಾರೀಲೇ ಬರ್ತಾನೆ, ಏನೂ ಕೇಳ್ಸಲ್ವಂತೆ. ಅದನ್ನ ಹೇಳುವಾಗ ಮಾತ್ರ ಮುಖ ಆ ಕಡೆ ತಿರುಗಿಸ್ತಾನೆ.

ಬಾವಿಲಿ ಕೇಳಿದ್ದು ಗಾಳಿ ಅನ್ನಿ, ನೀರು ಏರ್ಲಿಲ್ಲ ನನ್ನ ಕಣ್ಣೇ ಮಂಜಾಗಿತ್ತು ಅನ್ನಿ, ಜಗಳ ಆಡಲ್ಲ. ಒಂದನ್ನ ಮಾತ್ರ ನೀವೇ ಹೇಳಿ ನನಗೆ. ಆ ಬೆಳಿಗ್ಗೆ ಅವನ ಮನೆಗೆ ಬಂದ್ವಲ್ಲ. ಹಿಂದಿನ ಮಧ್ಯಾಹ್ನ ಅವನು ಪಾಳಿಗೆ ಹೋಗುವಾಗ ಹಾಕಿದ ಬೀಗ ಹಾಗೇ ಇತ್ತು. ಅವನು ಸೈಕಲ್ ಒರಗಿಸ್ತಿದ್ದ ಅಂತ ಬೀಗದ ಕೈ ನಾನು ತಗೊಂಡೆ. ಬೀಗ ತೆಗೆದೋಳು ನಾನು. ಮೊದಲು ಒಳಗೆ ಕಾಲಿಟ್ಟೋಳು ನಾನು. ಬಾಗಿಲ ಪಕ್ಕ ನೆಲದ ಮೇಲೆ ಧೂಳಿತ್ತು. ಧೂಳಿನ ನಡುವೆ ಧೂಳಿಲ್ಲದ ಎರಡು ಗುರುತು, ಒಂದು ನೇರ, ಒಂದು ಸ್ವಲ್ಪ ಅಡ್ಡ.

ನೀಲಿ ದಾರದ ಚಪ್ಪಲಿ ಇರ್ಲಿಲ್ಲ.